ಗ್ರಹಣ ಬಿಟ್ಟಿತು, ಮೈಲಿಗೆ ಬಿಡಲಿಲ್ಲ

ಶಿರಾಡಿ ಘಾಟಿ ಇಳಿದು ಮಂಗಳೂರಿನ ಕಡೆ ಹೊರಟವರಿಗೆ ಘಟ್ಟದ ಬುಡದಲ್ಲಿ ಸಿಗುವ ಊರು ಗುಂಡ್ಯ. ಒಂದು ಹೊಳೆ, ಒಂದು ಕವಲು ರಸ್ತೆ, ನಾಲ್ಕಾರು ಹೋಟೆಲು. ನೇರ ಹೋದರೆ ಉಪ್ಪಿನಂಗಡಿ, ಎಡಕ್ಕೆ ತಿರುಗಿದರೆ ಕುಕ್ಕೆ ಸುಬ್ರಹ್ಮಣ್ಯ. ಎಡಕ್ಕೆ ತಿರುಗುವ ಬಸ್ಸು ಕಾರುಗಳಲ್ಲಿ ದಿನಾ ಜನ ತುಂಬಿರುತ್ತಾರೆ. ಜಾತಕದಲ್ಲಿ ರಾಹು ಕೆಟ್ಟಿದ್ದಾನೆ, ಕೇತು ಕಾಡುತ್ತಾನೆ ಅಂತ ಯಾರೋ ಹೇಳಿ ಹೆದರಿಸಿ ಕಳಿಸಿದವರು ಅವರಲ್ಲಿ ಎಷ್ಟೋ ಮಂದಿ. ಸರ್ಪಸಂಸ್ಕಾರಕ್ಕೆ ಬರುತ್ತಾರೆ, ದುಡ್ಡು ಕಟ್ಟುತ್ತಾರೆ, ಹೋಗುತ್ತಾರೆ.

ಈ ರಾಹು ಯಾರು? ಪುರಾಣವನ್ನೇ ಕೇಳೋಣ. ಸಮುದ್ರ ಕಡೆದರು. ಹಗ್ಗದ ಒಂದು ತುದಿ ದೇವತೆಗಳ ಕೈಯಲ್ಲಿ, ಇನ್ನೊಂದು ತುದಿ ಅಸುರರ ಕೈಯಲ್ಲಿ. ದುಡಿಮೆ ಇಬ್ಬರದೂ. ಅಮೃತ ಬಂದ ಮೇಲೆ ಮಾತ್ರ ಪಂಕ್ತಿ ಬೇರೆ. ಅಸುರರಲ್ಲಿ ಒಬ್ಬ ಮೆಲ್ಲಗೆ ಹೋಗಿ ದೇವತೆಗಳ ಪಂಕ್ತಿಯಲ್ಲಿ ಕೂತ. ಪಕ್ಕದಲ್ಲಿದ್ದ ಸೂರ್ಯ ಚಂದ್ರರು ಚಾಡಿ ಹೇಳಿದರು. ಗಂಟಲಿಗೆ ಇಳಿಯುವ ಮೊದಲೇ ಅವನ ತಲೆ ಹೋಯಿತು. ಆ ತಲೆ ರಾಹು, ಮುಂಡ ಕೇತು. ದುಡಿದವನು ಉಣ್ಣಲು ಕೂತದ್ದೇ ಅಪರಾಧ ಅನ್ನುವ ಈ ಕತೆಯನ್ನು ನಮ್ಮ ಮಕ್ಕಳಿಗೆ ಭಯಭಕ್ತಿಯಿಂದ ಹೇಳಿಕೊಡುತ್ತಾ ಬಂದಿದ್ದಾರೆ. ನಾವೂ ಕೈಮುಗಿದು ಕೇಳಿದ್ದೇವೆ. ಒಬ್ಬನಾದರೂ ಎದ್ದು, "ಸ್ವಾಮಿ, ಅವನೂ ಹಗ್ಗ ಎಳೆದಿದ್ದನಲ್ಲ?" ಅಂತ ಕೇಳಲಿಲ್ಲ.

ಆ ರಾಹು ಮುಟ್ಟಿದರೆ ಸೂರ್ಯನಿಗೂ ಮೈಲಿಗೆ. ಮಾಡಿದ ಅಡುಗೆ ಚೆಲ್ಲಬೇಕು, ಕೊಡದ ನೀರು ಚೆಲ್ಲಬೇಕು, ಗರ್ಭಿಣಿ ಹೊರಗೆ ಬರಲಿಕ್ಕಿಲ್ಲ, ದೇವಸ್ಥಾನದ ಬಾಗಿಲು ಹಾಕಬೇಕು. ಬಿಟ್ಟ ಮೇಲೆ ಮುಳುಗು ಹಾಕಿ ಶುದ್ಧವಾಗಬೇಕು. ಗೆಳೆಯರೇ, ಈ ನಿಯಮಗಳನ್ನು ಒಂದೊಂದಾಗಿ ಓದಿ ನೋಡಿ. ಎಲ್ಲೋ ಕೇಳಿದ ಹಾಗೆ ಇದೆಯಲ್ಲ? ನೆರಳು ಬಿದ್ದರೆ ಮೈಲಿಗೆ, ನೀರು ಮುಟ್ಟಿದರೆ ಮೈಲಿಗೆ, ಗುಡಿಯ ಬಾಗಿಲು ಬಂದ್. ನಮ್ಮ ಮೇಲೆ ಹೇರಿದ ಕಾನೂನನ್ನೇ ಪುರೋಹಿತಶಾಹಿ ಆಕಾಶಕ್ಕೂ ಹತ್ತಿಸಿತು. ವ್ಯತ್ಯಾಸ ಒಂದೇ. ಸೂರ್ಯನ ಮೈಲಿಗೆ ಎರಡು ಮೂರು ಗಂಟೆಯಲ್ಲಿ ಕಳೆಯುತ್ತದೆ.

ಮರಾಠಿ ಸೀಮೆಯಲ್ಲಿ ಇದು ಇನ್ನೂ ಬಿಚ್ಚಾಗಿತ್ತು. ಗ್ರಹಣ ಹಿಡಿದಾಗ ಮಾಂಗರು, ಮಹಾರರು ಬೀದಿಗೆ ಬಂದು "ದಾನ ಕೊಡಿ, ಗ್ರಹಣ ಬಿಡಲಿ" ಅಂತ ಕೂಗಬೇಕಿತ್ತು. ಹಳೆ ಬಟ್ಟೆ, ಒಂದು ಹಿಡಿ ಕಾಳು ಅವರ ಸೆರಗಿಗೆ ಬೀಳುತ್ತಿತ್ತು. ಹಾಕುವವರು ಹಾಕುತ್ತಿದ್ದದ್ದು ಕಾಳನ್ನಲ್ಲ, ತಮ್ಮ ಪೀಡೆಯನ್ನು. ನಮ್ಮ ತುಳುನಾಡಿನ ಅಜಲು ಪದ್ಧತಿಯೂ ಇದೇ ಬೇರಿನದು. ಇನ್ನೊಬ್ಬರ ಉಗುರು ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ತಮ್ಮ ರೋಗ ಕಳೆಯಿತು ಅಂತ ನಂಬುತ್ತಿದ್ದರು. ಇದನ್ನು ನಿಲ್ಲಿಸಲು 2000ದಲ್ಲಿ ಒಂದು ಕಾಯಿದೆಯೇ ಬೇಕಾಯಿತು.

ಹಾಗಾದರೆ ನಿಜ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಕ್ರಿ.ಶ. 499ರಲ್ಲಿ ಆರ್ಯಭಟ ಬರೆದಿಟ್ಟಿದ್ದಾನೆ: ಚಂದ್ರ ಅಡ್ಡ ಬಂದರೆ ಸೂರ್ಯಗ್ರಹಣ, ಭೂಮಿಯ ನೆರಳು ಬಿದ್ದರೆ ಚಂದ್ರಗ್ರಹಣ. ಆಮೇಲೆ ಬಂದ ವರಾಹಮಿಹಿರನೂ ಗ್ರಹಣಕ್ಕೆ ರಾಹು ಕಾರಣವಲ್ಲ ಅಂದ. ಪಂಚಾಂಗದಲ್ಲಿ ಗ್ರಹಣ ಹಿಡಿಯುವ, ಬಿಡುವ ಹೊತ್ತನ್ನು ಲೆಕ್ಕ ಹಾಕಿ ಕೊಡುತ್ತಾರಲ್ಲ, ಅದು ಸೂರ್ಯ ಚಂದ್ರರ ನಡಿಗೆಯ ಲೆಕ್ಕ. ಯಾವ ರಾಕ್ಷಸನ ಹಸಿವಿನ ಲೆಕ್ಕವೂ ಅದರಲ್ಲಿ ಇಲ್ಲ. ಅಂದರೆ ಒಳಮನೆಯಲ್ಲಿ ಲೆಕ್ಕ, ಜಗಲಿಯಲ್ಲಿ ರಾಹು. ಲೆಕ್ಕವನ್ನು ತಮಗೆ ಇಟ್ಟುಕೊಂಡು ಭಯವನ್ನು ಜನರಿಗೆ ಹಂಚಿದರು. ಅಕ್ಷರ ಕಲಿತರೆ ನಾಲಿಗೆ ಕತ್ತರಿಸುವ ಮಾತಾಡಿದ ವ್ಯವಸ್ಥೆ ಯಾಕೆ ಹಾಗೆ ಮಾಡಿತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ಚರಿತ್ರೆಗೆ ಬರೋಣ. ಗುಂಡ್ಯದ ಸುತ್ತಿನ ಈ ಸೀಮೆ ಗ್ರಹಣದ ಚರಿತ್ರೆಯಲ್ಲಿ ದೊಡ್ಡ ಹೆಸರು. ನಮ್ಮ ಶಾಲೆಯ ಪುಸ್ತಕದಲ್ಲಿ ಮಾತ್ರ ಇದು ಬರಲಿಲ್ಲ.

1868ರ ಆಗಸ್ಟ್ 18ರ ಖಗ್ರಾಸ ಗ್ರಹಣದ ನೆರಳು ಬಿಜಾಪುರ ಸೀಮೆಯ ಮೇಲೆ ಹಾದುಹೋಯಿತು. ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ಉಪಕರಣ ಹೂಡಿ ಕೂತಿದ್ದ. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದ. ಸೂರ್ಯನಲ್ಲಿ ಹೀಲಿಯಂ ಎಂಬ ಹೊಸ ಮೂಲವಸ್ತು ಇದೆ ಅನ್ನುವುದಕ್ಕೆ ದಾರಿ ಮಾಡಿದ್ದು ಆ ವರ್ಷದ ನೋಟಗಳು. ಮೂರು ವರ್ಷ ಕಳೆದು, 1871ರ ಡಿಸೆಂಬರ್ 12ರಂದು, ಮತ್ತೊಂದು ಖಗ್ರಾಸ. ಈ ಸಲ ನೆರಳು ನಮ್ಮ ಜಿಲ್ಲೆಯನ್ನೇ ಹಿಡಿಯಿತು. ಹೀಲಿಯಂಗೆ ಹೆಸರಿಟ್ಟ ನಾರ್ಮನ್ ಲಾಕ್ಯರ್ ಇಂಗ್ಲೆಂಡಿನಿಂದ ತಂಡ ಕಟ್ಟಿಕೊಂಡು ಬಂದು ಇಳಿದದ್ದು ಕಾಸರಗೋಡಿನ ಬೇಕಲ ಕೋಟೆಯಲ್ಲಿ. ಆಗ ಬೇಕಲವೂ ಗುಂಡ್ಯವೂ ಮದ್ರಾಸ್ ಪ್ರಾಂತದ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಕಾಸರಗೋಡು ಕೇರಳಕ್ಕೆ ಹೋದದ್ದು 1956ರಲ್ಲಿ.

ಕೆಳದಿಯ ನಾಯಕರು ಕಟ್ಟಿಸಿದ ಆ ಕೋಟೆಯ ಮೇಲೆ ದೂರದರ್ಶಕಗಳು ನಿಂತವು. ಬೆಳಗಿನ ಹೊತ್ತು. ಬಿಸಿಲು ಮಂಕಾಗುತ್ತಾ ಬಂದ ಹಾಗೆ ಸುತ್ತಲಿನ ಜನ ಗುಂಪು ಕಟ್ಟಿದರು. ಸೂರ್ಯನನ್ನು ನುಂಗುವ ರಾಕ್ಷಸನನ್ನು ಓಡಿಸಲು ಬೆಂಕಿ ಹಾಕುವುದಕ್ಕೆ ಹೊರಟರು, ಕೂಗಾಡಿದರು. ಹೊಗೆ ಎದ್ದರೆ ಸಾವಿರಾರು ಮೈಲಿ ಹೊತ್ತು ತಂದ ಉಪಕರಣಗಳೆಲ್ಲ ವ್ಯರ್ಥ. ಪೊಲೀಸರು ಜನರನ್ನು ತಡೆದರು. ಸುಮಾರು ಎರಡು ನಿಮಿಷದ ಕತ್ತಲೆಯಲ್ಲಿ ಲಾಕ್ಯರ್ ತನ್ನ ಕೆಲಸ ಮುಗಿಸಿದ. ಲಂಡನ್ನಿನ ಪತ್ರಿಕೆಗಳಲ್ಲಿ ವರದಿ, ಚಿತ್ರ ಎಲ್ಲ ಬಂತು. ವಿಜ್ಞಾನಿಗಳ ಹೆಸರು ಒಂದೊಂದೂ ಬಂತು. ಆ ಗುಂಪಿಗೆ ಮಾತ್ರ ಒಂದೇ ಹೆಸರು: ನೇಟಿವ್ಸ್.

ಆ ಗುಂಪಿನ ಕಡೆಯಿಂದ ಒಂದು ಮಾತು ಹೇಳಬೇಕು. ಬೆಂಕಿ ಹಾಕಲು ಹೋದವರು ಮೂರ್ಖರಲ್ಲ. ಅವರಿಗೆ ಗೊತ್ತಿದ್ದಷ್ಟರಲ್ಲಿ ಅವರು ಸೂರ್ಯನನ್ನು ಉಳಿಸಲು ಹೋದವರು. ಒಂದು ಕಡೆ ಲೆಕ್ಕ ಬಚ್ಚಿಟ್ಟ ಅಗ್ರಹಾರ, ಇನ್ನೊಂದು ಕಡೆ ಲಾಠಿ ಹಿಡಿದು ತಡೆದ ಸರ್ಕಾರ. ಈ ಇಬ್ಬರಲ್ಲಿ ಯಾರೂ ಅವರನ್ನು ಹತ್ತಿರ ಕರೆದು "ಇಗೋ, ಈ ಕೊಳವೆಯಲ್ಲಿ ನೋಡು ಮಾರಾಯ" ಅನ್ನಲಿಲ್ಲ. ಗುಲಾಮಗಿರಿಗೆ ಕಾನೂನಿನ ಮನ್ನಣೆ ಇಲ್ಲ ಅಂತ ಸರ್ಕಾರ ಹೇಳಿದ್ದು 1843ರಲ್ಲಿ. ಹೊಲದ ಜತೆಗೇ ಆಳನ್ನೂ ಅಡವಿಡುತ್ತಿದ್ದ ಜಿಲ್ಲೆ ಇದು. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದದ್ದು 1892ರಲ್ಲಿ. ಬೇಕಲದ ಗ್ರಹಣ ಇವೆರಡರ ನಡುವೆ ಬಂತು. ಜೀತ ಕಾಗದದಲ್ಲಿ ಹೋಗಿತ್ತು, ಶಾಲೆ ಇನ್ನೂ ಬಂದಿರಲಿಲ್ಲ.

ಮುಂದಿನ ದೊಡ್ಡ ಗ್ರಹಣ 1980ರ ಫೆಬ್ರವರಿ 16, ಶನಿವಾರ. ಅಂಕೋಲೆಯಲ್ಲಿ ಭೂಮಿಗೆ ಹತ್ತಿದ ನೆರಳು ಹುಬ್ಬಳ್ಳಿ, ಗದಗು, ರಾಯಚೂರು ದಾಟಿ ಆಂಧ್ರಕ್ಕೆ ಹೋಯಿತು. ರಾಯಚೂರು ಸೀಮೆಯ ಜವಳಗೇರಿಯಲ್ಲಿ ವೇಣು ಬಾಪು ಅವರ ಭಾರತೀಯ ಖಭೌತ ಸಂಸ್ಥೆ ಬಿಡಾರ ಹೂಡಿತ್ತು. ದೇಶವಿದೇಶದ ವಿಜ್ಞಾನಿಗಳು ಕರ್ನಾಟಕಕ್ಕೆ ಬಂದಿದ್ದರು. ಒಂದು ಊರಿನ ಮೇಲೆ ಖಗ್ರಾಸ ಬೀಳುವುದು ಸರಾಸರಿ ಮೂರೂಮುಕ್ಕಾಲು ಶತಮಾನಕ್ಕೆ ಒಂದು ಸಲ. ಹತ್ತು ತಲೆಮಾರಿಗೆ ಒಮ್ಮೆ ಸಿಗುವ ನೋಟ. ಜಾತ್ರೆಗೆ ಸೇರುವಂತೆ ಜನ ಸೇರಬೇಕಿತ್ತು.

ಸೇರಲಿಲ್ಲ. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಬೀದಿ ಖಾಲಿ, ಬಸ್ಸು ಖಾಲಿ, ಅಂಗಡಿ ಬಂದ್. ದೊಡ್ಡ ನಗರಗಳಲ್ಲಿ ದೂರದರ್ಶನದವರು ಅದೇ ಹೊತ್ತಿಗೆ ಹಿಂದಿ ಸಿನಿಮಾ ಹಾಕಿ ಜನರನ್ನು ಒಳಗೇ ಕೂರಿಸಿದರು. ಕಣ್ಣು ಹಾಳಾದೀತು ಅನ್ನುವ ಎಚ್ಚರಿಕೆ ಸರಿಯೇ. ಬರಿಗಣ್ಣಲ್ಲಿ ಸೂರ್ಯನನ್ನು ನೋಡಲೇಬಾರದು. ಆದರೆ ಕಣ್ಣಿನ ಎಚ್ಚರಿಕೆಯೂ ರಾಹುವಿನ ಭಯವೂ ಒಂದರೊಳಗೊಂದು ಬೆರೆತುಹೋದವು. ಹೇಗೆ ನೋಡಬೇಕು ಅಂತ ಕಲಿಸುವುದಕ್ಕಿಂತ ನೋಡಬೇಡಿ ಅನ್ನುವುದು ಸುಲಭವಾಯಿತು.

ನಮ್ಮ ಕಡೆ ಆ ದಿನ ಸೂರ್ಯ ಪೂರ್ತಿ ಮುಚ್ಚಲಿಲ್ಲ. ಬಹುಪಾಲು ಮುಚ್ಚಿದ. ಅಡಿಕೆ ಕೊಯ್ಲಿನ ಕಾಲ. ಧಣಿಗಳ ಅಂಗಳದಲ್ಲಿ ಅಡಿಕೆ ಹರಡಿತ್ತು. ಮಧ್ಯಾಹ್ನದ ಮೇಲೆ ಯಾರೂ ಬರುವುದು ಬೇಡ ಅಂದರು. ಬೇಡ ಅಂದರೆ ಕೂಲಿಯೂ ಇಲ್ಲ. ಮಡಿಯವರಿಗೆ ಆ ದಿನ ಉಪವಾಸದ ಪುಣ್ಯ, ನಮ್ಮವರಿಗೆ ಬರೀ ಉಪವಾಸ. ನಾವಾಗ ಹುಡುಗರು. ನಮ್ಮನ್ನೂ ಗುಡಿಸಲೊಳಗೆ ಹಾಕಿ ತಟ್ಟಿ ಎಳೆದಿದ್ದರು. ಮುಳಿಹುಲ್ಲಿನ ಮಾಡು, ಎರಡು ವರ್ಷದಿಂದ ಹೊಸ ಹುಲ್ಲು ಕಂಡಿರಲಿಲ್ಲ. ತೂತುಗಳಲ್ಲಿ ಬಿಸಿಲು ಇಳಿದು ಸೆಗಣಿ ಸಾರಿಸಿದ ನೆಲದ ಮೇಲೆ ದುಡ್ಡಿನಂಥ ಬೊಟ್ಟುಗಳು ಯಾವಾಗಲೂ ಬೀಳುತ್ತಿದ್ದವು. ಆ ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ನೋಡುತ್ತೇವೆ, ಅಷ್ಟೂ ಬೊಟ್ಟುಗಳು ಕುಡುಗೋಲಿನ ಹಾಗೆ ಬಾಗಿದ್ದವು! ನೆಲದ ತುಂಬ ಸಣ್ಣ ಸಣ್ಣ ಕುಡುಗೋಲು. ಅಜ್ಜಿ ಹೆದರಿದರು. ನಾವು ಎಣಿಸಲು ಕೂತೆವು.

ಅವು ಸೂರ್ಯನ ಚಿತ್ರಗಳು ಅಂತ ನಮಗೆ ಹೈಸ್ಕೂಲಿಗೆ ಹೋದ ಮೇಲೆ ಗೊತ್ತಾಯಿತು. ಸಣ್ಣ ತೂತಿನಿಂದ ಇಳಿದ ಬೆಳಕು ದೂರದ ನೆಲದ ಮೇಲೆ ಸೂರ್ಯನ ಬಿಂಬವನ್ನೇ ಮೂಡಿಸುತ್ತದೆ. ಸೂರ್ಯ ದುಂಡಗಿದ್ದರೆ ದುಂಡು, ಬಾಗಿದ್ದರೆ ಬಾಗು. ರಟ್ಟಿನಲ್ಲಿ ಸೂಜಿ ಚುಚ್ಚಿ ಗೋಡೆಗೆ ಹಿಡಿದರೂ ಸಾಕು. ಒಂದು ಪೈಸೆ ಖರ್ಚಿಲ್ಲ, ಕಣ್ಣಿಗೆ ಅಪಾಯವಿಲ್ಲ. ಹಂಚಿನ ಮನೆಯವರು ಬಾಗಿಲು ಜಡಿದು ಏನೂ ನೋಡಲಿಲ್ಲ. ನಮ್ಮ ಬಡತನದ ಮಾಡು ನಮಗೆ ಗ್ರಹಣ ತೋರಿಸಿತು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಮಳೆಗಾಲದಲ್ಲಿ ಅದೇ ತೂತುಗಳಿಂದ ಇಳಿದದ್ದು ನೀರು. ಆದರೆ ಪಾಠ ನಮ್ಮ ನೆಲದ ಮೇಲೇ ಬಿದ್ದಿತ್ತು, ಓದಿಸುವವರು ಇರಲಿಲ್ಲ ಅನ್ನುವುದಕ್ಕೆ ಹೇಳಬೇಕಾಯಿತು.

ಇನ್ನು 2019ರ ಡಿಸೆಂಬರ್ 26. ಈ ಸಲ ಕಂಕಣ ಗ್ರಹಣ. ನೆರಳು 1871ರ ದಾರಿಯಲ್ಲೇ ಹೆಚ್ಚುಕಡಿಮೆ ಮತ್ತೆ ನಡೆಯಿತು. ಬೇಕಲದ ದಕ್ಷಿಣಕ್ಕಿರುವ ಚೆರುವತ್ತೂರು, ಕೊಡಗಿನ ಕುಟ್ಟ, ವಯನಾಡು. ಬೆಳಿಗ್ಗೆ ಒಂಬತ್ತೂವರೆಗೆ ಐದಾರು ನಿಮಿಷ ಇರುವಾಗ ಸೂರ್ಯ ಬಳೆಯಾದ. ಚೆರುವತ್ತೂರಿನಲ್ಲಿ, ಮಂಗಳೂರಿನ ಪಿಲಿಕುಳದಲ್ಲಿ ಮಕ್ಕಳು, ಮೇಷ್ಟರುಗಳು ಕಪ್ಪು ಕನ್ನಡಕ ಹಿಡಿದು ನಿಂತರು. ನೂರ ನಲವತ್ತೆಂಟು ವರ್ಷದಲ್ಲಿ ಇಷ್ಟು ಆಯಿತಲ್ಲ ಅಂತ ಸಂತೋಷಪಡಬೇಕು. ಲಾಠಿಯಿಂದ ತಡೆಸಿಕೊಂಡವರ ಮರಿಮಕ್ಕಳು ಕೈಯಲ್ಲಿ ಕನ್ನಡಕ ಹಿಡಿದರು.

ಅದೇ ದಿನ ಅದೇ ಹೊತ್ತಿಗೆ ಕಲಬುರಗಿಯ ಹತ್ತಿರ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿಟ್ಟರು. ಗ್ರಹಣದ ಹೊತ್ತಲ್ಲಿ ಹೂತರೆ ಕೈಕಾಲು ಸರಿಹೋಗುತ್ತದೆ ಅಂತ ನಂಬಿಕೆ. ಅಳುವ ಮಕ್ಕಳ ತಲೆ ಮಾತ್ರ ನೆಲದ ಮೇಲೆ. ಆ ಚಿತ್ರ ನೋಡಿ ಪಟ್ಟಣದವರು ಛೀ ಥೂ ಅಂದರು. ನಾವು ಹಾಗೆ ಅನ್ನಲಾರೆವು. ಹೂತವರು ಹೆತ್ತವರು. ಮಗು ನಡೆಯಲಿ ಅಂತ ಆಸೆಪಟ್ಟವರು. ದೊಡ್ಡ ಆಸ್ಪತ್ರೆಯ ಬಾಗಿಲು ಬಡವರಿಗೆ ಎಷ್ಟು ದೂರ ಅಂತ ನಮಗೆ ಗೊತ್ತುಂಟು. ಮೂಢನಂಬಿಕೆಗೆ ಬಡವನ ಮನೆಯಲ್ಲಿ ಮಗು ಹೂತುಹೋಗುತ್ತದೆ, ಉಳ್ಳವನ ಮನೆಯಲ್ಲಿ ಅದು ವ್ಯಾಪಾರವಾಗುತ್ತದೆ. ಅವತ್ತು ಬೆಳಗಿನಿಂದ ಟೀವಿಯಲ್ಲಿ ಕೂತು ಯಾವ ರಾಶಿಗೆ ಏನು ಕಂಟಕ ಅಂತ ಹೇಳಿದವರನ್ನು ಯಾರೂ ಛೀ ಥೂ ಅನ್ನಲಿಲ್ಲ.

ಗುಂಡ್ಯದ ಕವಲಿಗೆ ಮತ್ತೆ ಬರೋಣ. ಎಡಕ್ಕೆ ತಿರುಗಿದ ರಸ್ತೆಯ ಕೊನೆಯ ಕುಕ್ಕೆಯಲ್ಲಿ ಚಂಪಾಷಷ್ಠಿಗೆ ಬ್ರಾಹ್ಮಣರು ಉಂಡೆದ್ದ ಎಂಜಲೆಲೆಯ ಮೇಲೆ ಜನ ಉರುಳುತ್ತಿದ್ದರು. ಮಡೆಸ್ನಾನ ಅಂತ ಅದಕ್ಕೆ ಹೆಸರು. ಬೆತ್ತ ಕಡಿದು ತಂದು ಆ ದೇವರ ತೇರು ಕಟ್ಟುವ ಮಲೆಕುಡಿಯರೂ ಉರುಳುತ್ತಿದ್ದರು. ಹೋರಾಟ ನಡೆದವು, ಕೋರ್ಟಿಗೆ ಹೋಯಿತು. ಕೊನೆಗೆ 2017ರಲ್ಲಿ ವಿಧಾನಮಂಡಲ ಮಾಡಿದ ಮೌಢ್ಯ ನಿಷೇಧದ ಕಾಯಿದೆಯಲ್ಲಿ ಎಂಜಲೆಲೆಯ ಮೇಲೆ ಉರುಳಿಸುವುದು ಅಪರಾಧ ಅಂತ ಸೇರಿತು. ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ, ಆ ಕಂಕಣ ಗ್ರಹಣ ಕಳೆದು ಕೆಲವೇ ದಿನಕ್ಕೆ. ತೇರು ಕಟ್ಟಿದವನಿಗೆ ಪಂಕ್ತಿಯಲ್ಲಿ ಎಲೆ ಇಲ್ಲ, ಉಂಡು ಬಿಟ್ಟ ಎಲೆ ಮಾತ್ರ. ಹಗ್ಗ ಎಳೆದವನಿಗೆ ಅಮೃತ ಇಲ್ಲ. ಪುರಾಣದ ಕತೆ ಪುರಾಣದಲ್ಲೇ ನಿಲ್ಲುವುದಿಲ್ಲ ಅನ್ನುವುದಕ್ಕೆ ಹೇಳಿದೆವು.

ಬೇರೆ ದೇಶದ ಸುದ್ದಿ ಕೇಳಿ. 2024ರ ಏಪ್ರಿಲ್ 8ರಂದು ಅಮೆರಿಕದ ಮೇಲೆ ಖಗ್ರಾಸದ ನೆರಳು ಹಾದಾಗ ಆ ನೆರಳಿನ ದಾರಿಯಲ್ಲೇ ವಾಸವಿದ್ದವರು 3 ಕೋಟಿ 16 ಲಕ್ಷ ಜನ. ಹೊರಗಿನಿಂದ ಬಂದವರು ಬೇರೆ. ರಸ್ತೆಗಳೆಲ್ಲ ಕಾರು ತುಂಬಿ ಗಂಟೆಗಟ್ಟಲೆ ನಿಂತವು. ಅಲ್ಲಿಯೂ ವರ್ಣಭೇದ ಉಂಟು, ಬಡತನ ಉಂಟು, ಅಲ್ಲಿ ಎಲ್ಲ ಸರಿ ಅಂತ ನಾವು ಹೇಳುವುದಿಲ್ಲ. ಆದರೆ ಆಕಾಶ ನೋಡುವುದಕ್ಕೆ ಜನ ಬಾಗಿಲು ತೆರೆದು ಹೊರಬಂದರು ಅನ್ನುವುದು ಸಣ್ಣ ಮಾತಲ್ಲ.

ನಮ್ಮಲ್ಲಿ ಮುಂದೆ? 2034ರ ಮಾರ್ಚ್ 20, ಸೋಮವಾರ. ಖಗ್ರಾಸದ ನೆರಳು ಕಾಶ್ಮೀರ, ಲಡಾಖ್ ಕಡೆ ಹಾಯುತ್ತದೆ. ನಮ್ಮಲ್ಲಿ ಸೂರ್ಯನ ಒಂದು ಭಾಗ ಮುಚ್ಚುತ್ತದೆ. ಮಾರ್ಚ್ ಅಂದರೆ ಮೋಡ ಕಡಿಮೆ. ಸೋಮವಾರ ಅಂದರೆ ಶಾಲೆಯ ದಿನ. ಹಳ್ಳಿಯ ಮೇಷ್ಟರುಗಳಿಗೆ ನಮ್ಮ ಕೇಳಿಕೆ ಇಷ್ಟೇ. ಅವತ್ತು ರಜೆ ಕೊಡಬೇಡಿ. ಮಕ್ಕಳ ಕೈಗೆ ತೂತು ಮಾಡಿದ ರಟ್ಟು ಕೊಟ್ಟು ಅಂಗಳಕ್ಕೆ ಕರೆದುಕೊಂಡು ಬನ್ನಿ. ರಾಹುವಿನ ಕತೆಯನ್ನೂ ಹೇಳಿ, ಆರ್ಯಭಟನ ಲೆಕ್ಕವನ್ನೂ ಹೇಳಿ, ಯಾವುದು ಯಾರಿಗೆ ಲಾಭ ಅಂತ ಅವರೇ ಕೇಳಿಕೊಳ್ಳಲಿ. ಮಧ್ಯಾಹ್ನದ ಬಿಸಿಯೂಟ ನಿಲ್ಲಿಸಬೇಡಿ. ಯಾರು ಬಡಿಸಿದರು, ಯಾರ ಪಕ್ಕ ಯಾರು ಕೂತರು ಅಂತ ನೋಡದೆ ಎಲ್ಲ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣ್ಣಿಸಿ.

ಚಂದ್ರನ ನೆರಳು ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಅದಕ್ಕೆ ಬೆಂಕಿಯೂ ಬೇಡ, ದಾನವೂ ಬೇಡ. ಮನುಷ್ಯ ಮನುಷ್ಯನ ಮೇಲೆ ಹಾಕಿದ ನೆರಳು ಮಾತ್ರ ತಾನಾಗಿ ಹೋಗುವುದಿಲ್ಲ. ಅದನ್ನು ಬಿಡಿಸಬೇಕು. ಬಿಡಿಸುವ ಕೆಲಸ ನಮ್ಮದು.