ಮನೆ ಡಾಕ್ಟರು: ಅಂದು ಮತ್ತು ಇಂದು

1960ರ ದಶಕದ ಕೊನೆಯಲ್ಲಿ ತಿಪಟೂರಿನ ಕಡೆಯ ನಮ್ಮ ಊರಿಗೆಲ್ಲ ಒಬ್ಬರೇ ಡಾಕ್ಟರಿದ್ದರು. ಅವರ ಫಲಕದಲ್ಲಿ ಹೆಸರಿನ ಮುಂದೆ ಎಲ್.ಎಂ.ಪಿ. ಎಂದಿತ್ತು. ಆ ಮೂರಕ್ಷರದ ಅರ್ಥವನ್ನು ಯಾರೂ ಕೇಳಿದವರಲ್ಲ. ತೊಳೆದ ಸೀಸೆಯೊಂದಿಗೆ ಹೋದರೆ ಕಾಂಪೌಂಡರ್ ಅದಕ್ಕೆ ಮಿಕ್ಸ್ಚರ್ ತುಂಬಿ, ಹೊತ್ತುಹೊತ್ತಿನ ಅಳತೆಗೆ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸಿ ಕೊಡುತ್ತಿದ್ದ. ಹಣವಿಲ್ಲದವರು ಎರಡು ತೆಂಗಿನಕಾಯಿ ಇಟ್ಟು ಬರುತ್ತಿದ್ದರು. ಯಾವ ಮನೆಯಲ್ಲಿ ಯಾರಿಗೆ ಉಬ್ಬಸ, ಯಾರಿಗೆ ಯಾವ ಔಷಧ ಒಗ್ಗದು ಎಂಬುದೆಲ್ಲ ಡಾಕ್ಟರಿಗೆ ಕಂಠಪಾಠವಾಗಿತ್ತು.

ಇತಿಹಾಸದ ಮೇಷ್ಟರಾದ ಮೇಲೆ ನಾನು ಆ ಮೂರಕ್ಷರದ ಜಾಡು ಹಿಡಿದೆ. ಎಲ್.ಎಂ.ಪಿ. ವಿಶ್ವವಿದ್ಯಾಲಯದ ಪದವಿಯಲ್ಲ, ವೈದ್ಯಕೀಯ ಶಾಲೆಯಲ್ಲಿ ಕೆಲವು ವರ್ಷ ಕಲಿತವರಿಗೆ ದೊರೆಯುತ್ತಿದ್ದ ಪರವಾನಗಿ. 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯ ಲೆಕ್ಕದಲ್ಲಿ ಅಂದು ದೇಶದಲ್ಲಿದ್ದ 47,524 ನೋಂದಾಯಿತ ವೈದ್ಯರ ಪೈಕಿ 29,870 ಮಂದಿ ಇಂಥವರೇ. ವೈದ್ಯರಲ್ಲಿ ಎರಡು ದರ್ಜೆ ಸಲ್ಲದು, ಪದವೀಧರನೊಬ್ಬನೇ ಸಾಕು ಎಂದು ಸಮಿತಿಯ ಬಹುಮತ ತೀರ್ಮಾನಿಸಿತು. ವೈದ್ಯರೇ ವಿರಳವಾಗಿರುವ ನಾಡಿನಲ್ಲಿ ಇದು ಆತುರವೆಂದು ಕೆಲವು ಸದಸ್ಯರು ಭಿನ್ನಮತ ಬರೆದರು. ಸ್ವಾತಂತ್ರ್ಯಾನಂತರ ಆ ಶಾಲೆಗಳು ಮುಚ್ಚಿದವು, ಇಲ್ಲವೇ ಕಾಲೇಜುಗಳಾದವು.

ಬಹುಮತದವರ ಆಶಯ ದೊಡ್ಡದು; ಹಳ್ಳಿಯವನಿಗೇಕೆ ಎರಡನೇ ದರ್ಜೆಯ ವೈದ್ಯ? ಆದರೆ ಪದವೀಧರನಿಗೆ ಪಾಠ ಹೇಳಿದವರು ದೊಡ್ಡ ಆಸ್ಪತ್ರೆಗಳ ತಜ್ಞರು. ತಜ್ಞರನ್ನೇ ಕಂಡು ಬೆಳೆದ ಹುಡುಗ ತಜ್ಞನಾಗಲು ಬಯಸಿದ್ದರಲ್ಲಿ ಆಶ್ಚರ್ಯವೇನು? 'ಬರೀ ಎಂಬಿಬಿಎಸ್ಸೇ?' ಎಂದು ಮದುವೆ ಮನೆಗಳಲ್ಲಿ ಕೇಳುವ ಕಾಲ ಬಂದಿತು. ಅತ್ತ ಬ್ರಿಟನ್ನಿನಲ್ಲಿ 1952ರಲ್ಲಿ ಸಾಮಾನ್ಯ ವೈದ್ಯರದೇ ಒಂದು ಕಾಲೇಜು ಸ್ಥಾಪನೆಯಾಯಿತು; 1969ರಲ್ಲಿ ಅಮೆರಿಕ ಮನೆವೈದ್ಯವನ್ನೇ ಒಂದು ತಜ್ಞಶಾಖೆಯೆಂದು ಒಪ್ಪಿತು.

ನಮ್ಮ ಡಾಕ್ಟರು 1984ರಲ್ಲಿ ತೀರಿಕೊಂಡರು. ಎರಡು ವರ್ಷಗಳ ತರುವಾಯ ಅಮ್ಮನಿಗೆ ಜ್ವರ ಬಂದು ಪಟ್ಟಣದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಪೆನಿಸಿಲಿನ್ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದು, ಉಸಿರು ಕಟ್ಟಿತು. 'ಹಿಂದೆ ಯಾವಾಗಲಾದರೂ ಹೀಗಾಗಿತ್ತೇ?' ಎಂದು ಕೇಳಿದರು. ಆಗಿತ್ತೆಂದು ಅಮ್ಮ ಹೇಳಿದ್ದು ಚೇತರಿಸಿಕೊಂಡ ಮೇಲೆ. ಮಕ್ಕಳಿಂದ ಪುಟಗಟ್ಟಲೆ ನೋಟ್ಸ್ ಬರೆಸುತ್ತಿದ್ದ ನನ್ನ ಬಳಿ ಹೆತ್ತ ತಾಯಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಡಾಕ್ಟರ ಜ್ಞಾಪಕ ಅವರೊಂದಿಗೇ ಹೋಗಿತ್ತು.

ಈಗ ಊರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕ್ಲಿನಿಕ್ ತೆರೆದಿದ್ದಾಳೆ. ಎಂಬಿಬಿಎಸ್ ಮುಗಿಸಿ, ಕುಟುಂಬ ವೈದ್ಯದಲ್ಲಿ ಮೂರು ವರ್ಷದ ಡಿಎನ್‌ಬಿ ಓದಿ ಬಂದವಳು. ತಜ್ಞರಾಗಲು ಸಾಧ್ಯವಾಗದವರು ಮಾಡುವ ಕೆಲಸವೆಂದು ನಾವು ತಿಳಿದಿದ್ದುದನ್ನೇ ಈ ತಲೆಮಾರಿನವರು ತಜ್ಞತೆಯೆಂದು ಆರಿಸಿಕೊಳ್ಳುತ್ತಿದ್ದಾರೆ. ಇಂಥವರ ಸಂಖ್ಯೆ ಇನ್ನೂ ಸ್ವಲ್ಪವೇ, ನಿಜ.

ಮೊದಮೊದಲು ನನಗೆ ಮುನಿಸೇ ಆಯಿತು. ನೆಗಡಿ ಜ್ವರಕ್ಕೆ ಇಂಜೆಕ್ಷನ್ ಕೇಳಿದರೆ, 'ಬೇಡಿ ಮೇಷ್ಟ್ರೇ, ಮೂರು ದಿನ ನೋಡೋಣ' ಎಂದು ಬರಿಗೈಯಲ್ಲಿ ಕಳುಹಿಸಿದಳು. ಒಂದು ಭಾನುವಾರ ರಾತ್ರಿ ತಲೆ ಸುತ್ತಿ ಫೋನು ಮಾಡಿದರೆ ಎತ್ತಿದವರು ಬೇರೊಬ್ಬ ಯುವವೈದ್ಯರು. ಮೂವರು ಸರದಿಯಂತೆ ರಾತ್ರಿ ಪಾಳಿ ಹಂಚಿಕೊಂಡಿದ್ದಾರಂತೆ. 2020ರ ಮಾರ್ಚ್‌ನಲ್ಲಿ ಸರ್ಕಾರ ದೂರವೈದ್ಯಕ್ಕೆ ಮಾರ್ಗಸೂಚಿ ಹೊರಡಿಸಿದ ಮೇಲೆ ಇಂಥ ಸಲಹೆಗೆ ಒಂದು ಕ್ರಮವೂ ಬಂದಿದೆ. ಅವರು ನನ್ನನ್ನು ಕಂಡವರೇ ಅಲ್ಲ. ಆದರೂ ನಾನು ನುಂಗುವ ರಕ್ತದೊತ್ತಡದ ಮಾತ್ರೆಯ ಹೆಸರನ್ನು ಕಂಪ್ಯೂಟರಿನಲ್ಲಿ ನೋಡಿ ಅವರೇ ಓದಿದರು.

ಮಾರನೆಯ ದಿನ ನನ್ನ ಮುಖ ಕಂಡು ಆಕೆ, 'ನನಗೂ ಚಿಕ್ಕ ಮಗುವಿದೆ, ಮೇಷ್ಟ್ರೇ' ಎಂದಳು. ನಮ್ಮ ಹಳೆಯ ಡಾಕ್ಟರು ನಡುರಾತ್ರಿ ಕರೆದರೂ ಎದ್ದು ಬರುತ್ತಿದ್ದರು. ಅವರ ಹೆಂಡತಿ ಎಷ್ಟು ರಾತ್ರಿ ಬಾಗಿಲು ತೆರೆದು ಕಾದಿದ್ದರೋ, ಅದನ್ನು ನಾವು ಎಂದೂ ಲೆಕ್ಕಕ್ಕೆ ಹಿಡಿದವರಲ್ಲ.

ಆ ಕ್ಲಿನಿಕ್ಕಿಗೆ ಹೋದ ಮೊದಲ ದಿನವೇ ಆಕೆ ಅರ್ಧ ಗಂಟೆ ನನ್ನ ವಂಶದ ಕಾಯಿಲೆಗಳನ್ನೆಲ್ಲ ವಿಚಾರಿಸಿದ್ದಳು. ಪಾಠ ಒಪ್ಪಿಸುವ ಸರದಿ ನನ್ನದಾಗಿತ್ತು. 'ಮನೆಯಲ್ಲಿ ಯಾರಿಗಾದರೂ ಯಾವುದಾದರೂ ಔಷಧ ಒಗ್ಗುತ್ತಿರಲಿಲ್ಲವೇ?' ಎಂದು ಕೇಳಿದಳು.

'ಅಮ್ಮನಿಗೆ ಪೆನಿಸಿಲಿನ್' ಎಂದೆ. ಬರೆದುಕೊಂಡಳು.