ಕಾರಿನ ಮುಂಭಾಗದ ಕರಕರ ಸದ್ದು

ಕಾರಿನ ಮುಂಭಾಗದ ಕರಕರ ಸದ್ದು ಎಂದರೆ ವಾಹನ ಚಲಿಸುವಾಗ, ತಿರುಗುವಾಗ ಅಥವಾ ಬ್ರೇಕ್ ಒತ್ತಿದಾಗ ಮುಂಚಕ್ರಗಳ ಕಡೆಯಿಂದ ಕೇಳಿಬರುವ, ಲೋಹ ಉಜ್ಜಿದಂತಹ ಅಥವಾ ಕಲ್ಲು ಅರೆದಂತಹ ಶಬ್ದ. ಇದು ಯಾವುದೇ ಒಂದು ದೋಷದ ಹೆಸರಲ್ಲ, ಹಲವು ದೋಷಗಳಿಗೆ ಸಮಾನವಾದ ಲಕ್ಷಣ. ಸದ್ದು ಯಾವ ಸಂದರ್ಭದಲ್ಲಿ ಬರುತ್ತದೆ ಎಂಬುದನ್ನು ಗಮನಿಸುವುದೇ ದೋಷಪತ್ತೆಯ ಮೊದಲ ಹೆಜ್ಜೆ.

ಹಿನ್ನೆಲೆ

ಭಾರತದಲ್ಲಿ ಹಿಂದೆ ಬಳಕೆಯಲ್ಲಿದ್ದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಎಂಜಿನ್‌ನ ಶಕ್ತಿ ಹಿಂಚಕ್ರಗಳಿಗೆ ಹೋಗುತ್ತಿತ್ತು. 1983ರಲ್ಲಿ ಬಂದ ಮಾರುತಿ 800 ಮುಂಚಕ್ರ ಚಾಲನೆಯ ಕಾರು. ಈ ವಿನ್ಯಾಸ ವ್ಯಾಪಕವಾದ ಮೇಲೆ ಚಾಲನೆ, ದಿಕ್ಕು ಬದಲಾವಣೆ ಮತ್ತು ಬ್ರೇಕ್‌ನ ಹೆಚ್ಚಿನ ಹೊರೆ ಮೂರೂ ಮುಂಚಕ್ರಗಳ ಮೇಲೆಯೇ ಬೀಳತೊಡಗಿದವು. ಆದ್ದರಿಂದ ಮುಂಭಾಗದ ಸದ್ದಿಗೆ ಸಂಭವನೀಯ ಕಾರಣಗಳೂ ಹೆಚ್ಚಿದವು.

ಸಂದರ್ಭ ಮತ್ತು ಕಾರಣ

ಬ್ರೇಕ್ ಒತ್ತಿದಾಗ ಮಾತ್ರ: ಬ್ರೇಕ್ ಪ್ಯಾಡ್ ಸವೆದಿರುವ ಸಾಧ್ಯತೆ ಹೆಚ್ಚು. ಹಲವು ಪ್ಯಾಡ್‌ಗಳಲ್ಲಿ ಸವೆತವನ್ನು ಸೂಚಿಸುವ ಚಿಕ್ಕ ಲೋಹದ ಪಟ್ಟಿ ಇರುತ್ತದೆ. ಅದು ಡಿಸ್ಕ್‌ಗೆ ತಾಗಿದಾಗ ಮೊದಲು ಕೀರಲು ಸದ್ದು ಬರುತ್ತದೆ. ಅದನ್ನು ಕಡೆಗಣಿಸಿದರೆ ಪ್ಯಾಡಿನ ಘರ್ಷಣಾ ಪದರ ಮುಗಿದು, ಹಿಂಬದಿಯ ಉಕ್ಕಿನ ತಗಡು ಡಿಸ್ಕನ್ನೇ ಕೆರೆಯುತ್ತದೆ. ಆಗ ಬರುವುದು ಕರಕರ ಸದ್ದು.

ವೇಗದೊಂದಿಗೆ ಹೆಚ್ಚುವ ಗುಂಯ್‌ಗುಡುವ ಸದ್ದು: ವೀಲ್ ಬೇರಿಂಗ್ ಕೆಟ್ಟಿರಬಹುದು. ಕಾರನ್ನು ಎಡಕ್ಕೆ ತಿರುಗಿಸಿದಾಗ ಭಾರ ಬಲಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್ ಅನ್ನು ಶಂಕಿಸಲಾಗುತ್ತದೆ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಚಲಿಸುವಾಗ: ಟಕಟಕ ಸದ್ದು ಡ್ರೈವ್ ಶಾಫ್ಟ್‌ನ ಹೊರತುದಿಯ ಸಿ.ವಿ. ಜಾಯಿಂಟ್ ಸವೆದಿರುವುದರ ಸೂಚನೆ. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಬಿದ್ದು, ಮಣ್ಣು ಒಳಸೇರುವುದೇ ಇದರ ಸಾಮಾನ್ಯ ಕಾರಣ.

ನಿಂತ ಕಾರಿನಲ್ಲಿ: ಎಂಜಿನ್ ಚಾಲೂ ಇದ್ದು, ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ಅದು ಚಕ್ರದ್ದಲ್ಲ, ಕ್ಲಚ್ ರಿಲೀಸ್ ಬೇರಿಂಗ್‌ನದ್ದಾಗಿರಬಹುದು.

ದೋಷವಲ್ಲದ ಸದ್ದುಗಳು

ಮಳೆಯಲ್ಲಿ ನಿಂತ ಕಾರಿನ ಡಿಸ್ಕ್ ಮೇಲೆ ಕಟ್ಟುವ ತೆಳು ತುಕ್ಕು ಮೊದಲ ಕೆಲವು ಬಾರಿ ಬ್ರೇಕ್ ಒತ್ತುವಷ್ಟರಲ್ಲಿ ಅಳಿದು ಸದ್ದು ನಿಲ್ಲುತ್ತದೆ. ಹಠಾತ್ ಬ್ರೇಕ್ ಹಾಕಿದಾಗ ಎಬಿಎಸ್ ಕೆಲಸ ಮಾಡುವುದರಿಂದಲೂ ಪೆಡಲ್ ನಡುಗಿ ಕರಕರ ಸದ್ದು ಬರುತ್ತದೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ.

ರಸ್ತೆಯ ಪ್ರಭಾವ

ಜಲ್ಲಿ ಹರಡಿದ ರಸ್ತೆಗಳಲ್ಲಿ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ರಕ್ಷಾಕವಚದ ನಡುವೆ ಸಣ್ಣ ಕಲ್ಲು ಸಿಕ್ಕಿಕೊಂಡು ಕರ್ಕಶ ಸದ್ದು ಬರುವುದುಂಟು. ಚಿಂತಾಮಣಿ, ಶಿಡ್ಲಘಟ್ಟ ಮತ್ತು ಗೌರಿಬಿದನೂರು ತಾಲ್ಲೂಕುಗಳಿರುವ ಚಿಕ್ಕಬಳ್ಳಾಪುರ ಜಿಲ್ಲೆ ಕಲ್ಲುಗಣಿಗಳಿರುವ ಪ್ರದೇಶ. ಇದೇ ಜಿಲ್ಲೆಯ ನಂದಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,478 ಮೀಟರ್ ಎತ್ತರದಲ್ಲಿದ್ದು, ಅದರ ಇಳಿಜಾರು ರಸ್ತೆಯಲ್ಲಿ ಸತತವಾಗಿ ಬ್ರೇಕ್ ಒತ್ತಿದರೆ ಪ್ಯಾಡ್ ಮತ್ತು ಡಿಸ್ಕ್ ಅತಿಯಾಗಿ ಕಾಯುತ್ತವೆ. ಇದರಿಂದ ಬ್ರೇಕ್‌ನ ಹಿಡಿತ ಕುಗ್ಗಿ, ಪ್ಯಾಡ್ ಬೇಗ ಸವೆಯುತ್ತದೆ. ಕೆಳಗಿನ ಗೇರ್‌ನಲ್ಲಿ ಇಳಿಯುವುದು ಇದಕ್ಕೆ ಪರಿಹಾರ.

ಪರಿಶೀಲನೆಯ ಕ್ರಮ

ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂಚಕ್ರಗಳಿಗೆ ಅಡ್ಡ ಕಲ್ಲು ಇಡಬೇಕು. ಜಾಕಿಯಿಂದ ಎತ್ತಿದ ಬಳಿಕ ಸ್ಟ್ಯಾಂಡ್ ಕೊಡದೆ ಕೆಲಸ ಆರಂಭಿಸುವುದು ಅಪಾಯಕಾರಿ. ಚಕ್ರವನ್ನು ಕೈಯಿಂದ ತಿರುಗಿಸಿ ಸದ್ದು ಆಲಿಸಬೇಕು. ಮೇಲೆ ಮತ್ತು ಕೆಳಗೆ ಹಿಡಿದು ಅಲುಗಾಡಿಸಿದಾಗ ಸಡಿಲವಿದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಅನ್ನು ಪರೀಕ್ಷಿಸಬೇಕು. ಚಕ್ರ ಬಿಚ್ಚಿದ ಮೇಲೆ ಒಳ ಮತ್ತು ಹೊರ ಪ್ಯಾಡ್‌ಗಳೆರಡನ್ನೂ ನೋಡುವುದು ಅಗತ್ಯ. ಕ್ಯಾಲಿಪರ್‌ನ ಪಿನ್ ಬಿಗಿದುಕೊಂಡಿದ್ದರೆ, ಹೊರಗಿನ ಪ್ಯಾಡ್ ಚೆನ್ನಾಗಿದ್ದರೂ ಒಳಗಿನದು ಪೂರ್ತಿ ಸವೆದಿರುತ್ತದೆ. ಘರ್ಷಣಾ ಪದರ ಸುಮಾರು 3 ಮಿ.ಮೀ.ಗೆ ಇಳಿದಾಗ ಪ್ಯಾಡ್ ಬದಲಿಸುವುದು ರೂಢಿ. ಎಡಬಲಗಳೆರಡರಲ್ಲೂ ಒಟ್ಟಿಗೆ ಬದಲಿಸಲಾಗುತ್ತದೆ. ಡಿಸ್ಕ್‌ನ ದಪ್ಪ ತಯಾರಕರು ನಿಗದಿಪಡಿಸಿದ ಕನಿಷ್ಠ ಅಳತೆಗಿಂತ ಕಡಿಮೆಯಾಗಿದ್ದರೆ ಅದನ್ನೂ ಬದಲಿಸಬೇಕಾಗುತ್ತದೆ.

ಸುರಕ್ಷತೆ

ಪ್ಯಾಡ್ ಸವೆದಂತೆ ಬ್ರೇಕ್ ಆಯಿಲ್‌ನ ಮಟ್ಟ ಇಳಿಯುತ್ತದೆ. ಪ್ಯಾಡ್ ನೋಡದೆ ಆಯಿಲ್ ಮಾತ್ರ ತುಂಬಿಸಿದರೆ ಈ ಎಚ್ಚರಿಕೆ ಮರೆಯಾಗುತ್ತದೆ. ಲೋಹಕ್ಕೆ ಲೋಹ ಉಜ್ಜುವ ಹಂತದಲ್ಲಿ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಕೆಟ್ಟ ಬೇರಿಂಗ್‌ನೊಂದಿಗೆ ಓಡಿಸುತ್ತಲೇ ಇದ್ದರೆ ಹಬ್ ಹಾಳಾಗಿ, ಕೊನೆಗೆ ಚಕ್ರದ ಹಿಡಿತವೇ ತಪ್ಪಬಹುದು. ಈ ಎರಡೂ ಸಂದರ್ಭಗಳಲ್ಲಿ ಕಾರನ್ನು ಓಡಿಸದೆ, ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯುವುದು ಸೂಕ್ತ. ಅಪಾಯಕಾರಿ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು 1988ರ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ ಶಿಕ್ಷಾರ್ಹವಾಗಿದೆ.