ಸೂಕ್ಷ್ಮದರ್ಶಕಕ್ಕೆ ಚಳ್ಳೆಹಣ್ಣು ತಿನ್ನಿಸಿದ ಮಲೇರಿಯಾ

ಫ್ರೆಂಚ್ ಸೇನಾ ವೈದ್ಯ ಲಾವೆರಾನ್ 1880ರಲ್ಲಿ ಅಲ್ಜೀರಿಯದಲ್ಲಿ ಸೈನಿಕನೊಬ್ಬನ ರಕ್ತದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡ. ಅಲ್ಲಿಂದ ಮುಂದೆ 100 ವರ್ಷ ಈ ರೋಗದ ವಿಚಾರದಲ್ಲಿ ಸೂಕ್ಷ್ಮದರ್ಶಕದ್ದೇ ಕೊನೆಯ ಮಾತು. ಗಾಜಿನ ಪಟ್ಟಿಯ ಮೇಲೊಂದು ಹನಿ ರಕ್ತ, ತುಸು ಬಣ್ಣ, ನುರಿತ ಕಣ್ಣು ಇದ್ದರೆ ಸಾಕೆಂಬ ನಂಬಿಕೆ ಬೇರೂರಿತ್ತು.

ಅದನ್ನು ಅಲುಗಿಸಿದ್ದು ಮಲೇಷ್ಯಾದ ಸರವಾಕ್ ಪ್ರಾಂತದ ಕಾಡುಸೀಮೆ ಕಾಪಿಟ್. ಅಲ್ಲಿನ ಹಲವು ರೋಗಿಗಳಲ್ಲಿ ಸೂಕ್ಷ್ಮದರ್ಶಕ ಕಂಡದ್ದು ಪ್ಲಾಸ್ಮೋಡಿಯಂ ಮಲೇರಿಯೇ ಎಂಬ ಜಾತಿಯನ್ನು. ಇದು ಸ್ವಭಾವತಃ ಸಾಧು. 72 ಗಂಟೆಗೊಮ್ಮೆ ವೃದ್ಧಿಯಾಗುವಂಥದು. ಕಾಪಿಟ್‌ನ ರೋಗಿಗಳ ರಕ್ತದಲ್ಲೋ ಅದರ ಸಂಖ್ಯೆ ಅಸಹಜವಾಗಿ ಹೆಚ್ಚಿತ್ತು. ಬಲಬೀರ್ ಸಿಂಗ್, ಜಾನೆಟ್ ಕಾಕ್ಸ್-ಸಿಂಗ್ ಮತ್ತು ಸಂಗಡಿಗರಿಗೆ ಅನುಮಾನ ಬಂದದ್ದು ಇಲ್ಲಿಯೇ.

ಅವರು ಮೊರೆಹೋದದ್ದು ಪಿಸಿಆರ್ ವಿಧಾನಕ್ಕೆ. 1983ರಲ್ಲಿ ಕ್ಯಾರಿ ಮುಲ್ಲಿಸ್ ಕಂಡುಹಿಡಿದ ಈ ತಂತ್ರ ಡಿಎನ್ಎಯ ಬೇಕಾದ ತುಣುಕನ್ನಷ್ಟೇ ಹೆಕ್ಕಿ ಇಮ್ಮಡಿಸುತ್ತ ಹೋಗುತ್ತದೆ. 30 ಸುತ್ತು ಮುಗಿಯುವ ವೇಳೆಗೆ ಒಂದು ತುಣುಕು ಲೆಕ್ಕದ ಪ್ರಕಾರ 100 ಕೋಟಿ ದಾಟಿರುತ್ತದೆ! ಮಲೇರಿಯಾದ ನಾಲ್ಕು ಜಾತಿಗಳನ್ನು ಹೀಗೆ ಬೇರ್ಪಡಿಸುವ ಪರೀಕ್ಷೆ 1993ರಲ್ಲೇ ಬಂದಿತ್ತು. ಕಾಪಿಟ್‌ನ ರಕ್ತಕ್ಕೆ ಅದು ಕೊಟ್ಟ ಉತ್ತರ ವಿಚಿತ್ರ: ಮಲೇರಿಯಾ ಹೌದು, ಆದರೆ 'ಮಲೇರಿಯೇ' ಅಲ್ಲ. ಜೀನನ್ನು ಅಕ್ಷರಶಃ ಓದಿದಾಗ ಸಿಕ್ಕಿದ್ದು ಕೋತಿಗಳ ಮಲೇರಿಯಾ, ಪ್ಲಾಸ್ಮೋಡಿಯಂ ನೋಲೆಸಿ. ಇದೇನೂ ಅಪರಿಚಿತವಲ್ಲ. ಇದು ಮನುಷ್ಯನಿಗೂ ತಗಲಬಲ್ಲದೆಂದು ಕಲ್ಕತ್ತದಲ್ಲಿ ನೋಲ್ಸ್ ಮತ್ತು ದಾಸ್‌ಗುಪ್ತ 1932ರಲ್ಲೇ ತೋರಿಸಿದ್ದರು.

2004ರಲ್ಲಿ ಪ್ರಕಟವಾದ ಲೆಕ್ಕದಂತೆ 208 ರೋಗಿಗಳಲ್ಲಿ 120 ಮಂದಿಗಿದ್ದದ್ದು ಈ ಕೋತಿ ಮಲೇರಿಯಾ. ಗಾಜಿನ ಪಟ್ಟಿಯ ಮೇಲೆ ಎರಡೂ ಜಾತಿ ಅವಳಿಗಳಂತೆ ಕಂಡರೂ ನೋಲೆಸಿ 24 ಗಂಟೆಗೊಮ್ಮೆ ವೃದ್ಧಿಯಾಗುತ್ತದೆ. ಸಾಧುವೆಂದು ತಿಳಿದು ಒಂದೆರಡು ದಿನ ತಡಮಾಡಿದರೆ ಪ್ರಾಣಕ್ಕೇ ಸಂಚಕಾರ. ಸರವಾಕ್‌ನಲ್ಲಿ ಇದರಿಂದ ಸತ್ತ ನಾಲ್ವರ ವಿವರ 2008ರಲ್ಲಿ ಹೊರಬಂತು.

ಪರೀಕ್ಷೆಗಳು ಆಮೇಲೆ ಇನ್ನಷ್ಟು ಸೂಕ್ಷ್ಮವಾಗಿವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 50ಕ್ಕಿಂತ ಕಡಿಮೆ ಪರೋಪಜೀವಿಗಳಿದ್ದರೆ ಸಾಮಾನ್ಯ ಪ್ರಯೋಗಾಲಯದ ಸೂಕ್ಷ್ಮದರ್ಶಕ ಸೋಲುವುದೇ ಹೆಚ್ಚು. ಫಾಲ್ಸಿಪಾರಂ ಜಾತಿಗಾಗಿ 2015ರಲ್ಲಿ ರೂಪುಗೊಂಡ ಪರೀಕ್ಷೆಗೆ ಒಂದಕ್ಕಿಂತ ಕಡಿಮೆ ಇದ್ದರೂ ಸಾಕು. ಜೀವಿಯೊಂದರಲ್ಲೇ ಸುಮಾರು 250 ಬಾರಿ ಮರುಕಳಿಸುವ ಡಿಎನ್ಎ ತುಣುಕನ್ನು ಅದು ಅರಸುವುದೇ ಇದರ ಗುಟ್ಟು. ಜ್ವರವಿಲ್ಲದೆ ಓಡಾಡಿಕೊಂಡಿರುವ, ಆದರೂ ಸೊಳ್ಳೆಗೆ ಸೋಂಕು ದಾಟಿಸಬಲ್ಲವರು ಸಿಕ್ಕಿಬೀಳುವುದು ಇಂಥ ಬಲೆಗೆ.

ಮಲೇಷ್ಯಾದಲ್ಲಿ 2018ರಲ್ಲಿ ಮನುಷ್ಯರ ಮಲೇರಿಯಾದ ಸ್ಥಳೀಯ ಪ್ರಕರಣ ಒಂದೂ ದಾಖಲಾಗಲಿಲ್ಲ. ಅದೇ ವರ್ಷ ನೋಲೆಸಿ ತಗುಲಿದವರು ಸಾವಿರಾರು ಮಂದಿ.